ಗಾಳಿಯಿಲ್ಲದೆ ಅಲುಗುವ ಜೋಳ

ಬಕ್‌ಹಾರ್ನ್ ಹಳ್ಳ, ಮಿಸೌರಿ
ಶನಿವಾರ, ೨೩ನೇ ಆಗಸ್ಟ್ ೧೮೫೬

ನನ್ನ ಮುದ್ದು ಮಗಳು ಲವಿನಾಳಿಗೆ,

ಕರ್ತನ ಕೈ ನಿನ್ನ ಮನೆಯ ಮೇಲೆಯೂ ನಿನ್ನ ಕೂಸಿನ ತಲೆಯ ಮೇಲೆಯೂ ಇರಲಿ ಎಂದು ಬೇಡಿಕೊಂಡು ನಿನ್ನ ಅಮ್ಮ ಬರೆಯುವುದು. ಈ ಕಾಗದ ತರುವವರು ನಿನ್ನ ಅಪ್ಪನೇ. ಮೊದಲು ಅವರನ್ನು ಒಲೆಯ ಹತ್ತಿರ ಕೂರಿಸು, ಕಾಲಿಗೆ ಬಿಸಿನೀರು ಕೊಡು, ಹೊಟ್ಟೆಗೆ ಏನಾದರೂ ಹಾಕು. ಆಮೇಲೆ ಇದನ್ನು ಅವರ ಎದುರು ಕೂತು ಗಟ್ಟಿಯಾಗಿ ಓದು. ತನಗೆ ಓದು ಬಾರದೆಂದು ಎಂದೂ ಬೇಸರ ಪಡದ ಮನುಷ್ಯ ಅವರು. ಆದರೂ ನನ್ನ ಮಾತನ್ನು ನಿನ್ನ ಬಾಯಿಂದ ಕೇಳಿದರೆ ಅವರಿಗೆ ದಾರಿಯ ದಣಿವು ಸ್ವಲ್ಪ ಇಳಿದೀತು.

ಮೇಜನ್ನು ಬಾಗಿಲ ಬಳಿಗೆ ಎಳೆದುಕೊಂಡು ಬರೆಯುತ್ತಿದ್ದೇನೆ. ಇಲ್ಲಿಂದ ದಾರಿಯೂ ಕಾಣುತ್ತದೆ, ಜೋಳದ ಹೊಲವೂ ಕಾಣುತ್ತದೆ. ಎರಡು ಸಾಲು ಬರೆದು ದಾರಿ ನೋಡುತ್ತೇನೆ, ಇನ್ನೆರಡು ಸಾಲು ಬರೆದು ಹೊಲ ನೋಡುತ್ತೇನೆ. ಅಕ್ಷರ ಸೊಟ್ಟಗಿದ್ದರೆ ಬೈದುಕೊಳ್ಳಬೇಡ.

ಮುಸುಕಿನ ಜೋಳ ಈ ವರ್ಷ ಕುದುರೆಯ ಮೇಲೆ ಕೂತವನ ಟೋಪಿಯೂ ಕಾಣದಷ್ಟು ಎತ್ತರ ಬಂದಿದೆ. ದಂಟಿಗೆ ಹಬ್ಬಿಸಿದ ಹುರುಳಿಕಾಯಿ ಬಳ್ಳಿ ಸಾಲಿನಿಂದ ಸಾಲಿಗೆ ಹೆಣೆದುಕೊಂಡು ಒಳಗೆ ಹಗಲಲ್ಲೂ ಕತ್ತಲೆ. ಕೆಂಪು ಹಸು ಬತ್ತಿದೆ. ಹಂದಿಗಳು ಕಾಡಿನಲ್ಲಿ ಮೇದು ಮೈ ತುಂಬಿಕೊಂಡಿವೆ. ಇಷ್ಟು ಒಳ್ಳೆಯ ಬೆಳೆಯನ್ನು ಕರ್ತನು ಕೊಟ್ಟ ವರ್ಷವೇ ಅದರೊಳಗೆ ನಿನ್ನ ಅಪ್ಪ ಅಡಗಿ ಕೂರಬೇಕಾಯಿತು.

ಹೌದು ಮಗಳೇ. ವಾರದ ಮೇಲಾಯಿತು. ಹೊಲದ ನಡುವೆ, ಬಳ್ಳಿ ದಟ್ಟವಾಗಿರುವ ಕಡೆ, ಹಳೆಯ ಎಮ್ಮೆಚರ್ಮ ಹಾಸಿಕೊಂಡು ಇದ್ದಾರೆ. ಹೇಗೆ ಈ ಗತಿ ಬಂತೆಂದು ಅವರು ನಿನಗೆ ಹೇಳುವುದಿಲ್ಲ, ಕೇಳಿದರೆ “ಏನೋ ಆಯ್ತು ಬಿಡು” ಎಂದುಬಿಡುತ್ತಾರೆ. ಅದಕ್ಕೆ ನಾನು ಬರೆಯುತ್ತೇನೆ.

ಈ ತಿಂಗಳ ಮೊದಲ ಸೋಮವಾರ ಇಲ್ಲಿ ಚುನಾವಣೆ ನಡೆಯಿತು. ನಿಮ್ಮ ಇಂಡಿಯಾನದಲ್ಲಿ ಚೀಟಿ, ಇಲ್ಲಿ ಬಾಯಿ. ಹಿಟ್ಟಿನ ಗಿರಣಿಯ ಜಗಲಿಯ ಮೇಲೆ ಗುಮಾಸ್ತ ಪುಸ್ತಕ ಬಿಚ್ಚಿ ಕೂರುತ್ತಾನೆ. ಒಬ್ಬೊಬ್ಬ ಗಂಡಸೂ ಮೆಟ್ಟಿಲು ಹತ್ತಿ ತನ್ನ ಮತ ಯಾರಿಗೆಂದು ಅಂಗಳದ ಜನಕ್ಕೆಲ್ಲ ಕೇಳುವಂತೆ ಹೇಳಬೇಕು. ಸೆಣಬಿನ ಸಾಹುಕಾರ ಕ್ಯಾಪ್ಟನ್ ಸ್ಟ್ರೌಡ್, ಅವನ ಮೇಸ್ತ್ರಿಗಳು, ಅವನ ಸಾಲಗಾರರು ಎಲ್ಲ ಅಲ್ಲೇ ನಿಂತಿರುತ್ತಾರೆ. ನಿನ್ನ ಅಪ್ಪ ಪಿಯರ್ಸಾಲ್ ಎಂಬವನ ಕಡೆ. ಪಿಯರ್ಸಾಲ್ ಹೇಳಿದ್ದು ಇಷ್ಟೇ: ಕ್ಯಾನ್ಸಸ್‌ನವರ ವಿಷಯ ಕ್ಯಾನ್ಸಸ್‌ನವರೇ ನೋಡಿಕೊಳ್ಳಲಿ, ನಾವು ಬಂದೂಕು ಹಿಡಿದು ಹೊಳೆ ದಾಟಿ ಅಲ್ಲಿ ಗುಲಾಮಗಿರಿ ನೆಡಲು ಹೋಗುವುದು ಬೇಡ. ಅಷ್ಟು ಹೇಳಿದವನನ್ನು ಇಲ್ಲಿ ಕಳ್ಳನಿಗಿಂತ ಕಡೆಯಾಗಿ ನೋಡುತ್ತಾರೆ.

ನಾನು ಬೆಳಿಗ್ಗೆಯೇ ಹೇಳಿದೆ, ಚಳಿಜ್ವರ ಅಂತ ಹೇಳಿ ಮಲಗಿಬಿಡಿ ಎಂದು. ಒಂದು ದಿನ ಬಿಟ್ಟು ಒಂದು ದಿನ ನಡುಕ ಬರುವುದು ಊರಿಗೇ ಗೊತ್ತು.

“ಜ್ವರ ನಿನ್ನೇದು ಆರ್ಫಾ. ಇವತ್ತು ಬಂದಿದ್ರೆ ಮಲಗ್ತಿದ್ದೆ” ಎಂದರು.

ಜೋಳ ಬೀಸಿಸುವ ನೆವ ಮಾಡಿ ನಾನೂ ಗಾಡಿ ಹತ್ತಿದೆ. ಗುಮಾಸ್ತ ಹೆಸರು ಕರೆದ. ನಿನ್ನ ಅಪ್ಪ ಟೋಪಿ ತೆಗೆದು, “ಪಿಯರ್ಸಾಲ್‌ಗೆ” ಎಂದರು. ಒಳಗೆ ಬೀಸುವ ಕಲ್ಲು ಗರಗರ ಎನ್ನುತ್ತಿತ್ತು. ಆಗ ಹಳ್ಳದಾಚೆಯ ಬರ್ಡೆಟ್, ಹಂದಿ ಕೊಯ್ಯುವ ಕಾಲಕ್ಕೆ ನಮಗೆ ಮುಯ್ಯಾಳಾಗಿ ಬರುವವನು, ಅವನ ಕಡೆಯ ಎರಡು ಮಕ್ಕಳನ್ನು ಹೆರಿಗೆಯಲ್ಲಿ ನಾನೇ ಈ ಕೈಯಲ್ಲಿ ಹಿಡಿದದ್ದು, ಜೋರಾಗಿ ನಕ್ಕ.

“ಏನು ಏಸಣ್ಣಾ, ಜ್ವರ ತಲೆಗೇರಿದೆಯಾ? ಗುಮಾಸ್ತರಿಗೆ ಕೇಳಿಸ್ಲಿಲ್ಲ. ಸ್ವಲ್ಪ ಯೋಚ್ನೆ ಮಾಡಿ ಇನ್ನೊಂದ್ಸಲ ಹೇಳು.”

ಎಲ್ಲರೂ ನಕ್ಕರು. ಗೇಲಿಯೇ ಸರಿ, ಆದರೆ ಅದರೊಳಗೆ ತಪ್ಪಿಸಿಕೊಳ್ಳಲು ದಾರಿ ಇತ್ತು. ನಾನು ಗಾಡಿಯಲ್ಲಿ ಕೂತು, ಕರ್ತನೇ, ಈ ಒಂದು ಸಲ ಇವರ ನಾಲಿಗೆ ಹೊರಳಲಿ ಎಂದು ಬೇಡಿದೆ. ಅಂಥ ಪ್ರಾರ್ಥನೆಗೆ ಕರ್ತನು ಕಿವಿಗೊಡಲಿಲ್ಲ.

“ಕೇಳಿಸ್ಲಿಲ್ವಾ? ಹಾಗಿದ್ರೆ ಕೇಳು. ಪಿಯರ್ಸಾಲ್!” ಎಂದರು ನಿನ್ನ ಅಪ್ಪ. ಎತ್ತಿನ ಮೇಲೂ ದನಿಯೇರಿಸದವರು. ಕಟ್ಟಿದ ಕುದುರೆಗಳು ಕಿವಿ ನಿಮಿರಿಸಿದವು. ನನಗೆ ಹೆದರಿಕೆಯೂ ಆಯಿತು, ಹೆಮ್ಮೆಯೂ ಆಯಿತು. ಹೆಮ್ಮೆ ಪಾಪವೆಂದು ಗೊತ್ತು.

ಇದಾದ ಮರುವಾರ ಸ್ಟ್ರೌಡನ ಗುಲಾಮ ಐಸಮ್ ಓಡಿಹೋದ. ಸೆಣಬು ಬಡಿಯುವ ಮನೆಯಲ್ಲಿ ಹಗಲೆಲ್ಲ ದುಡಿಯುತ್ತಿದ್ದವನು. ನಮ್ಮ ಹೊಲದ ಕೆಳಗೆ ದನಗಳು ಹೊಳೆ ದಾಟುವ ಕಡೆ ಅವನ ಹೆಜ್ಜೆ ಸಿಕ್ಕಿತು. ಮಧ್ಯಾಹ್ನದೊಳಗೆ ಊರಿಗೆಲ್ಲ ಮಾತು ಸಿದ್ಧ: ದಾಟಿಸಿದವನು ಏಸಾ ಕಿಂಬ್ರೆಲ್. ಜಗಲಿಯ ಮೇಲೆ ಅಷ್ಟು ಜೋರಾಗಿ ಕೂಗಿದವನಲ್ಲದೆ ಇನ್ಯಾರು? ನಿನ್ನ ಅಪ್ಪ ಆ ದಿನ ಎರಡು ಕಂಬಳಿಯ ಕೆಳಗೆ ಹಲ್ಲು ಕಟಕಟ ಎನಿಸುತ್ತ ಬಿದ್ದಿದ್ದರು. ಅದಕ್ಕೆ ನಾನೊಬ್ಬಳೇ ಸಾಕ್ಷಿ. ಹೆಂಡತಿಯ ಸಾಕ್ಷಿಯನ್ನು ಯಾರು ಕೇಳುತ್ತಾರೆ?

ಅಂದು ಸಂಜೆ ಒಬ್ಬಾಕೆ ಹುಳಿಹಿಟ್ಟು ಕೇಳಿಕೊಂಡು ಬಟ್ಟಲು ಹಿಡಿದು ಬಂದಳು. ಹೆಸರು ಬರೆಯುವುದಿಲ್ಲ, ಈ ಕಾಗದ ಯಾರ ಕೈಗೆ ಬೀಳುವುದೋ. ನಾನು ಹಿಟ್ಟು ಹಾಕುವಾಗ ಬಟ್ಟಲನ್ನೇ ನೋಡುತ್ತ ಅಂದಳು: “ಆರ್ಫಮ್ಮ, ಸ್ಟ್ರೌಡನ ಸಮಿತಿಯವ್ರು ಸೇರಿದ್ರು. ಈ ಸಲ ಮೈಗೆ ಟಾರು ಬಳಿದು ಗರಿ ಅಂಟಿಸೋದಲ್ಲ. ಹಗ್ಗ.” ಹಿಟ್ಟು ಸಾಕು ಎಂದು ಹೇಳುವ ದನಿಯಲ್ಲೇ ಹೇಳಿ ಹೋದಳು.

ಅಂದಿನಿಂದ ಅವರು ಜೋಳದಲ್ಲಿ. ಕೇಳಿದವರಿಗೆಲ್ಲ ನಾನು, ಜಮೀನು ನೋಡಲು ಅಯೋವಾಗೆ ಹೋಗಿದ್ದಾರೆ ಎಂದೆ. ಈ ವಯಸ್ಸಿನಲ್ಲಿ ಸುಳ್ಳು ಕಲಿತೆ, ಮತ್ತು ಅದು ಇಷ್ಟು ಸಲೀಸಾಗಿ ಬಂದದ್ದಕ್ಕೆ ನನಗೇ ಅಂಜಿಕೆಯಾಯಿತು. ದಿನಾ ಬುಟ್ಟಿ ಹಿಡಿದು ಹುರುಳಿಕಾಯಿ ಬಿಡಿಸಲು ಹೋಗುತ್ತೇನೆ, ತಳದಲ್ಲಿ ರೊಟ್ಟಿ, ಮೇಲೆ ಬಟ್ಟೆ. ಬರುವಾಗ ಬುಟ್ಟಿ ತುಂಬ ಕಾಯಿ ತರಲೇಬೇಕು. ಈಗ ತೊಲೆಯಿಂದ ತೊಲೆಗೆ ಒಣಗಲು ಕಟ್ಟಿದ ಕಾಯಿಯ ಸರಗಳೇ. ಒಂದು ಊರಿಗೆ ಚಳಿಗಾಲ ಕಳೆಯುವಷ್ಟಿದೆ.

ಎಲ್ಲಕ್ಕಿಂತ ಹೆದರಿಕೆ ಅವರ ನಡುಕದ್ದು. ಜ್ವರ ಬಂದಾಗ ಮೈಯೆಲ್ಲ ಅಲುಗುತ್ತದೆ, ಮೈ ಅಲುಗಿದರೆ ದಂಟು ಅಲುಗುತ್ತದೆ. ಗಾಳಿಯಿರುವ ದಿನ ಹೊಲವೆಲ್ಲ ಅಲುಗುವುದರಿಂದ ಗೊತ್ತಾಗುವುದಿಲ್ಲ. ಗಾಳಿಯಿಲ್ಲದ ದಿನ ಇಡೀ ಹೊಲ ಸುಮ್ಮನಿದ್ದು ನಡುವೆ ಒಂದು ಕಡೆ ಮಾತ್ರ ಜೋಳದ ತುದಿಗಳು ಸರಸರ ಎನ್ನುತ್ತವೆ. ಬೆಳಿಗ್ಗೆ ಎದ್ದು ನಾನು ಮೊದಲು ಬೇಡುವುದು ಗಾಳಿಯನ್ನು.

ಮೊನ್ನೆ ಗುರುವಾರ ನಡುಕದ ದಿನ, ಗಾಳಿ ಇರಲಿಲ್ಲ. ಅವತ್ತೇ ಸಮಿತಿಯ ನಾಲ್ವರು ಬಂದರು. ಸ್ಟ್ರೌಡ್, ಅವನ ಮೇಸ್ತ್ರಿ, ಬರ್ಡೆಟ್, ಗಿರಣಿಯವನು. ಮನೆಯ ಒಳಗೆ, ಅಟ್ಟದ ಮೇಲೆ, ಹೊಗೆಮನೆಯಲ್ಲಿ, ಬೇರು ಕಾಯಿ ಇಡುವ ನೆಲದ ಕೋಣೆಯಲ್ಲಿ ಎಲ್ಲ ನೋಡಿದರು. ಹಾಸಿಗೆಗೆ ಬಂದೂಕಿನ ತುದಿ ಚುಚ್ಚಿದರು. ಏನೂ ಸಿಗದೆ ಕೊಟ್ಟಿಗೆಯ ಕಡೆ ಹೋದರು. ನಾನು ಒಲೆಯ ಮುಂದೆ ನಿಂತೆ, ರೊಟ್ಟಿ ಬೆಂದಿತ್ತು, ಸೂರ್ಯ ನೆತ್ತಿಗೆ ಬಂದಿದ್ದ. ಮನಸ್ಸೆಲ್ಲ ಕೊಟ್ಟಿಗೆಯ ಕಡೆ. ಕೈ ಮಾತ್ರ ತನ್ನ ಪಾಡಿಗೆ ತಾನು ಬಾಗಿಲ ಮೊಳೆಯಿಂದ ಊಟದ ಕೊಂಬನ್ನು ತೆಗೆದುಕೊಂಡಿತು. ಮದುವೆಯಾದ ಮರುದಿನದಿಂದ ಪ್ರತಿ ಮಧ್ಯಾಹ್ನ ಹೊಲದಲ್ಲಿರುವ ಗಂಡನಿಗೆ ಊದಿದ ಕೊಂಬು, ಲವಿನಾ. ನೀನು ಚಿಕ್ಕವಳಿದ್ದಾಗ ನಾನೂದುತ್ತೇನೆ ಎಂದು ಅಳುತ್ತಿದ್ದೆಯಲ್ಲ, ಅದೇ. ಹೊಸ್ತಿಲಲ್ಲಿ ನಿಂತು, ಹೊಲದ ಕಡೆ ಮುಖ ಮಾಡಿ, ಉದ್ದಕ್ಕೆ ಊದಿಬಿಟ್ಟೆ.

ಊದಿದ ಮೇಲೆಯೇ ಆ ಸದ್ದು ನನ್ನ ಕಿವಿಗೆ ಬಿತ್ತು.

ಕೊಟ್ಟಿಗೆಯಿಂದ ನಾಲ್ವರೂ ಹೊರಗೆ ಬಂದರು. ಸ್ಟ್ರೌಡ್ ನಿಧಾನಕ್ಕೆ ನಡೆದು ಬಂದ. ಅವನು ಯಾವತ್ತೂ ದನಿಯೆತ್ತುವವನಲ್ಲ.

“ಯಾರನ್ನಮ್ಮಾ ಊಟಕ್ಕೆ ಕರೆದ್ರಿ?”

“ನಿಮ್ಮನ್ನೇ” ಎಂದೆ. “ಊಟದ ಹೊತ್ತಿಗೆ ನಾಲ್ಕು ಜನ ನನ್ನ ಅಂಗಳದಲ್ಲಿದ್ದಾರೆ. ಕೊಟ್ಟಿಗೆ ತನಕ ಬಂದು ಕೂಗೋಕೆ ಈ ಮುದುಕಿಗೆ ಶಕ್ತಿ ಇಲ್ಲ.”

“ನಾವು ಕೊಟ್ಟಿಗೇಲಿದ್ವಿ. ನೀವು ಊದಿದ್ದು ಹೊಲದ ಕಡೆ.”

ಬರ್ಡೆಟ್ ಮೂಗೆಳೆದು ವಾಸನೆ ಹಿಡಿದ. “ಕ್ಯಾಪ್ಟನ್ನೇ, ಹಂದಿಮಾಂಸ ಹಾಕಿ ಬೇಯಿಸಿದ ಹುರುಳಿಕಾಯಿ. ಕೊಂಬು ಯಾವ ಕಡೆ ತಿರುಗಿತ್ತು ಅಂತ ಆಮೇಲೆ ಪಂಚಾಯ್ತಿ ಮಾಡೋಣ. ನನ್ನ ಹೆಂಡ್ತಿ ಮಾಡೋ ಕಾಯಿ ತಿಂದ್ರೆ ನೀವೂ ಹೀಗೇ ಓಡಿಬರ್ತಿದ್ರಿ.” ಗಿರಣಿಯವನು ನಕ್ಕ, ಟೋಪಿ ತೆಗೆದ. ನಾಲ್ವರೂ ಒಳಗೆ ಬಂದು ಮೇಜಿಗೆ ಕೂತರು. ಸ್ಟ್ರೌಡ್ ನಿನ್ನ ಅಪ್ಪನ ಕುರ್ಚಿಯಲ್ಲಿ ಕೂತ, ಬಾಗಿಲಿಗೆ ಎದುರಾಗಿ, ಹೊಲ ಕಾಣುವ ಹಾಗೆ.

ಬಡಿಸಿದೆ. ಯಾರೂ ಮುಟ್ಟಲಿಲ್ಲ, ಪ್ರಾರ್ಥನೆಗೆ ಕಾದರು. ಮನುಷ್ಯನ ಕೊರಳಿಗೆ ಹಗ್ಗ ತಂದವರೂ ಪ್ರಾರ್ಥನೆಯಿಲ್ಲದೆ ಅನ್ನ ಮುಟ್ಟುವವರಲ್ಲ. ನಾನು ಕಣ್ಣು ಮುಚ್ಚಿ, ಈ ಊಟವನ್ನು ಆಶೀರ್ವದಿಸು, ಒಳಗಿರುವವರನ್ನೂ ಹೊರಗಿರುವವರನ್ನೂ ಕಾಪಾಡು ಎಂದೆ. ಕಣ್ಣು ತೆರೆದಾಗ ಸ್ಟ್ರೌಡ್ ನನ್ನನ್ನೇ ನೋಡುತ್ತಿದ್ದ.

“ಹೊರಗೆ ಯಾರಿದ್ದಾರಮ್ಮಾ?”

“ದಾರಿಹೋಕರು, ದನಕರು. ನಮ್ಮಮ್ಮ ಹಾಗೇ ಹೇಳಿಕೊಟ್ಟಿದ್ರು.”

ಆಗ ಮೇಸ್ತ್ರಿ ರೊಟ್ಟಿ ಹಿಡಿದ ಕೈಯನ್ನು ಬಾಗಿಲ ಕಡೆ ಚಾಚಿದ. “ಅಲ್ನೋಡಿ. ಜೋಳ ಅಲುಗ್ತಿದೆ.”

ಮಗಳೇ, ನಾನು ನೋಡಲಿಲ್ಲ. ನೋಡಿದ್ದರೆ ಬಿದ್ದುಬಿಡುತ್ತಿದ್ದೆ. ಕಾಕಂಬಿಯ ಜಾಡಿಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು, “ಆ ಹಾಳು ಹಂದಿ ಮತ್ತೆ ನುಗ್ಗಿದೆ” ಎಂದೆ. ಮೇಸ್ತ್ರಿ ಒಳ್ಳೆಯ ಮನೆತನದವನು. “ಇರಿ, ನಾನು ಅಟ್ಟಿ ಬರ್ತೀನಿ” ಎಂದು ಎದ್ದೇ ಬಿಟ್ಟ. ನನ್ನ ಸುಳ್ಳಿಗೆ ಅವನ ಮರ್ಯಾದೆಯೇ ಮುಳುವಾಯಿತು.

“ಕೂತ್ಕೊಳ್ಳೋ ಮಾರಾಯ,” ಎಂದ ಬರ್ಡೆಟ್, ಬಾಯ್ತುಂಬ ತುತ್ತಿಟ್ಟುಕೊಂಡೇ. “ಆ ಬಳ್ಳಿಯೊಳಗೆ ಹೋದ್ರೆ ಹಂದಿ ನಿನ್ನನ್ನ ಅಟ್ಟುತ್ತೆ. ಏಸನ ಜೋಳ ಏಸನ ಹಂದಿ ತಿಂದ್ರೆ ನಮಗೇನು ನಷ್ಟ?”

ಮೇಸ್ತ್ರಿ ಕೂತ. ಸ್ಟ್ರೌಡ್ ಕೂತಿರಲಿಲ್ಲ ಎಂದೇ ಹೇಳಬೇಕು, ಅವನ ಮೈ ಕುರ್ಚಿಯಲ್ಲಿತ್ತು, ಕಣ್ಣು ಹೊಲದಲ್ಲಿತ್ತು. ಊಟ ಮುಗಿಸಿ, ಒಳ್ಳೇ ಊಟ ಎಂದು ತಲೆಬಾಗಿ ಹೋದ. ಕುದುರೆಗಳು ದಾರಿಗಿಳಿದ ಮೇಲೆ ಒಬ್ಬ ಕೈಗವಸು ಮರೆತೆನೆಂದು ತಿರುಗಿ ಬಂದ. ಯಾರೆಂದು ಬರೆಯುವುದಿಲ್ಲ. ಮೇಜಿನ ಮೇಲೆ ಕೈಗವಸು ಇರಲಿಲ್ಲ. ಹೊಸ್ತಿಲು ದಾಟದೆ ನಿಂತು ಹೇಳಿದ:

“ಹಂದಿಗೆ ಚಳಿಜ್ವರ ಬರೋದನ್ನ ನಾನು ಎಲ್ಲೂ ಕಂಡಿಲ್ಲ. ಭಾನುವಾರದ ತನಕ ನಾನು ಕಿವುಡ, ಕುರುಡ. ಸೋಮವಾರ ಬೆಳಿಗ್ಗೆ ನಾಯಿ ಬಿಡ್ತಾರೆ. ಆಗ ನನ್ನ ನಾಯೀನೂ ಇರುತ್ತೆ.”

ಆದ್ದರಿಂದ ನಾಳೆ. ನಾಳೆ ನಡುಕವಿಲ್ಲದ ದಿನ. ಹಳ್ಳದ ಆ ಬದಿಯ ತೋಪಿನಲ್ಲಿ ದೊಡ್ಡ ಪ್ರಾರ್ಥನಾಕೂಟ, ಪ್ರಸಂಗ, ಹತ್ತಾರು ಮೈಲಿಯಿಂದ ಜನ ಅಲ್ಲಿ ಸೇರುತ್ತಾರೆ, ದಾರಿಯಲ್ಲಿ ನಾಯಿಯೂ ಇರುವುದಿಲ್ಲ. ಹಾಡು ಶುರುವಾದ ಕೂಡಲೆ ನಿನ್ನ ಅಪ್ಪ ಹೊಲದಿಂದೆದ್ದು ಹೆಗಲ ಮೇಲೆ ಸಲಿಕೆ ಇಟ್ಟುಕೊಂಡು ಉತ್ತರಕ್ಕೆ ನಡೆಯುತ್ತಾರೆ. ದುಡಿಯಬಾರದ ಸಬ್ಬತ್ತಿನ ದಿನ ಸಲಿಕೆ ಹೊತ್ತು ಹೋಗುವುದು ಬೇಡವೆಂದು ಅವರ ವಾದ. ಬೇಲಿ ಸರಿಮಾಡಲು ಹೋಗುವವನ ಹಾಗೆ ಕಾಣಲಿ, ಕರ್ತನ ಹತ್ತಿರ ನಾನು ಮಾತಾಡುತ್ತೇನೆ ಎಂದೆ. ಬೋಧಕ ಲೂಮಿಸರ ಗಾಡಿ ಸೆಪ್ಟೆಂಬರಿನಲ್ಲಿ ಇಲ್ಲಿಗೆ ಬಂದಾಗ ನಾನೂ ಅದರಲ್ಲಿ ಹೊರಟು ಬರುತ್ತೇನೆ. ಅಲ್ಲಿಯವರೆಗೆ ಇವರನ್ನು ನಿನ್ನ ಮನೆಯಲ್ಲೇ ಇರಿಸಿಕೋ. ಎಷ್ಟು ಕಹಿಯಾದರೂ ಜ್ವರಕ್ಕೆ ಕ್ವಿನೈನ್ ಕುಡಿಸು. ಕುಡಿದೆ ಎಂದು ಹೇಳಿ ಒಲೆಗೆ ಚೆಲ್ಲುತ್ತಾರೆ, ಎದುರು ನಿಂತು ನೋಡು.

ಏಸಾ, ಇದನ್ನು ಕೇಳುತ್ತಿದ್ದೀರಿ ತಾನೆ? ಹೊಸ ಕಾಲುಚೀಲ ಚೀಲದ ತಳದಲ್ಲಿದೆ. ಒದ್ದೆಯಾದದ್ದನ್ನೇ ಹಾಕಿಕೊಂಡು ನಡೆದಿರುತ್ತೀರಿ, ನನಗೆ ಗೊತ್ತು.

ಕೂಸಿಗೆ ನನ್ನ ಮುತ್ತು. ಕರ್ತನು ನಮ್ಮನ್ನು ಮತ್ತೆ ಒಂದೇ ಮೇಜಿಗೆ ಕೂರಿಸಲಿ.

ಎಂದೆಂದೂ ನಿನ್ನನ್ನು ನೆನೆಯುವ ಅಮ್ಮ,
ಆರ್ಫಾ ಕಿಂಬ್ರೆಲ್

ಮರೆತ ಮಾತು: ಲವಿನಾ, ಇಲ್ಲಿಂದ ಮುಂದೆ ಗಟ್ಟಿಯಾಗಿ ಓದಬೇಡ. ಅಪ್ಪ ಕೇಳಿದರೆ, ಅಮ್ಮ ಉಪ್ಪಿನಕಾಯಿಯ ವಿಷಯ ಬರೆದಿದ್ದಾಳೆ ಎನ್ನು.

ಲೂಮಿಸರ ಗಾಡಿ ಬರುವುದಿಲ್ಲ. ಹೋದ ವಾರವೇ ಅವರಿಗೆ ಟಾರು ಬಳಿದು ಊರು ಬಿಡಿಸಿದರು, ಗಾಡಿಯನ್ನು ಸುಟ್ಟರು. ಜೋಳದೊಳಗಿರುವವರಿಗೆ ಈ ಸುದ್ದಿ ನಾನು ಮುಟ್ಟಿಸಲಿಲ್ಲ. ಮುಟ್ಟಿಸಿದ್ದರೆ ಅವರು ನನ್ನನ್ನು ಬಿಟ್ಟು ಒಂದು ಹೆಜ್ಜೆಯೂ ಇಡುತ್ತಿರಲಿಲ್ಲ. ಇಬ್ಬರೂ ಒಟ್ಟಿಗೆ ಹೊರಟರೆ ಹೊಗೆಯಿಲ್ಲದ ನಮ್ಮ ಚಿಮಣಿ ನೋಡಿ ಸೋಮವಾರದ ನಾಯಿಗಳನ್ನು ನೇರವಾಗಿ ದಾರಿಗೆ ಬಿಡುತ್ತಾರೆ. ಮುದುಕಿಯ ಕಾಲು, ಜ್ವರದ ಮೈ, ಎಷ್ಟು ದೂರ ಹೋದೇವು?

ಅದಕ್ಕೆ ನಾನು ಇಲ್ಲೇ ಇರುತ್ತೇನೆ. ನಾಳೆ ಅವರ ಪ್ರಸಂಗಕ್ಕೆ ಹೋಗಿ ಮುಂದಿನ ಬೆಂಚಿನಲ್ಲಿ ಕೂರುತ್ತೇನೆ. ಗುಲಾಮರನ್ನಿಟ್ಟುಕೊಳ್ಳುವುದು ಸರಿಯೆಂದು ನಮ್ಮ ಸಭೆಯಿಂದ ಒಡೆದು ಹೋದವರ ತೋಪಿಗೆ ಕಾಲಿಡುವುದಿಲ್ಲ ಎಂದಿದ್ದೆ, ನಾಳೆ ಇಡುತ್ತೇನೆ. ಎಲ್ಲರ ಕಣ್ಣೂ ನನ್ನ ಮೇಲಿರಲಿ, ದಾರಿಯ ಮೇಲೆ ಬೇಡ. ಅಲ್ಲಿಂದ ಬಂದು ನಿನ್ನ ಅಪ್ಪ ಮಲಗಿದ್ದ ಎಮ್ಮೆಚರ್ಮವನ್ನು ಜೋಳದ ಸಾಲುಗಳಲ್ಲೆಲ್ಲ ಎಳೆದಾಡುತ್ತೇನೆ, ಹಳ್ಳದವರೆಗೂ, ಮತ್ತೆ ಹಿಂದಕ್ಕೂ. ಸೋಮವಾರ ನಾಯಿಗಳು ಅಲ್ಲೇ ಸುತ್ತುತ್ತಿರಲಿ. ಅವರ ಅಂಗಿಗಳನ್ನು ಒಗೆದು ಹಗ್ಗದ ಮೇಲೆ ಹರವುತ್ತೇನೆ. ಬುಟ್ಟಿ ಹಿಡಿದು ಕಾಯಿ ಬಿಡಿಸಲು ಹೋಗುತ್ತೇನೆ. ಹೊಲದಲ್ಲಿ ಇದ್ದಾನೆ, ಇಲ್ಲೇ ಎಲ್ಲೋ ಇದ್ದಾನೆ ಎಂದು ಅವರು ಎಷ್ಟು ದಿನ ಹುಡುಕಿದರೆ ನಿನ್ನ ಅಪ್ಪನಿಗೆ ಅಷ್ಟು ದಾರಿ ಸಾಗುತ್ತದೆ. ಹೆಂಗಸಿನ ಕೊರಳಿಗೆ ಹಗ್ಗ ಹಾಕುವುದಿಲ್ಲ ಎನ್ನುತ್ತಾರೆ. ಮನೆಗೆ ಬೆಂಕಿ ಇಡುವಾಗ ಒಳಗೆ ಯಾರಿದ್ದಾರೆಂದು ಕೇಳುವುದೂ ಇಲ್ಲ. ನನಗೆ ಭಯವಿಲ್ಲ ಎಂದು ಬರೆಯಲು ಲೇಖನಿ ಅದ್ದಿದೆ, ಆದರೆ ಸುಳ್ಳು ಸಾಕಾಗಿದೆ ಮಗಳೇ. ಬಹಳ ಭಯವಿದೆ.

ಇನ್ನೊಂದು. ಐಸಮ್‌ನನ್ನು ಕಂಡವಳು ನಾನು. ಅಪ್ಪ ಕಂಬಳಿಯ ಕೆಳಗೆ ನಡುಗುತ್ತಿದ್ದಾಗ ನಾನು ಬುಗ್ಗೆಯ ನೀರಿಗೆ ಹೋದೆ, ಅವನು ಮರದ ಹಿಂದೆ ನಿಂತಿದ್ದ. ರೊಟ್ಟಿ ಕೊಟ್ಟೆ. ಉತ್ತರ ದಿಕ್ಕು ತೋರಿಸಹೋದೆ. “ದಿಕ್ಕು ನಂಗೊತ್ತಮ್ಮಾ. ಹೊಳೆ ಎಲ್ಲಿ ಆಳ ಇಲ್ಲ, ಅಷ್ಟು ಹೇಳಿ ಸಾಕು” ಎಂದ. ದನಗಳು ದಾಟುವ ಜಾಗ ಹೇಳಿದೆ. ಬರೀ ಅಷ್ಟೇ. ಅದಕ್ಕೆ ಪಶ್ಚಾತ್ತಾಪ ಪಡಲು ಮೊಣಕಾಲೂರಿ ನೋಡಿದೆ, ಬರಲಿಲ್ಲ. ಅವನ ಬೆನ್ನ ಹಿಂದೆ ಸ್ಟ್ರೌಡನ ನಾಯಿ ಬೊಗಳಿದ ದಿನವೆಲ್ಲ ಅವನಿಗಾಗಿಯೂ ಗಾಳಿ ಬೇಡಿದ್ದೇನೆ. ಆದರೆ ನಾನು ಮಾಡಿದ್ದಕ್ಕೆ ನಿನ್ನ ಅಪ್ಪ ಜೋಳದಲ್ಲಿ ಮಲಗಿದ್ದಾರೆ, ಅವರಿಗೆ ಇಂದಿಗೂ ಗೊತ್ತಿಲ್ಲ. ಗೊತ್ತಾದರೆ ಸ್ಟ್ರೌಡನ ಬಾಗಿಲಿಗೆ ಹೋಗಿ, ಮಾಡಿದವನು ನಾನೇ ಎಂದು ಜಗಲಿಯ ಮೇಲೆ ಕೂಗಿದ ಹಾಗೆ ಕೂಗಿಬಿಡುತ್ತಾರೆ.

ಇದನ್ನು ಅವರ ಕೋಟಿನ ಒಳಮೈಗೆ ಹೊಲಿಯುತ್ತೇನೆ. ದಾರಿಯಲ್ಲಿ ಅವರು ಸಿಕ್ಕಿಬಿದ್ದರೆ ಕಾಗದವೂ ಸಿಗುತ್ತದೆ. ಸಿಗಲಿ. ಓದಿದವರು ಯಾರೇ ಆಗಲಿ, ಕೆಳಗೆ ನನ್ನ ಹೆಸರು ಪೂರ್ತಿ ಬರೆದಿದ್ದೇನೆ, ಮನೆ ಎಲ್ಲಿದೆ ಎಂದು ಊರಿಗೇ ಗೊತ್ತು.

ಅವರು ತಲುಪಿದರೆ ನನಗೆ ಕಾಗದ ಹಾಕಬೇಡ. ಇಲ್ಲಿಯ ಅಂಚೆಯವನು ಇಂಡಿಯಾನದಿಂದ ಬಂದದ್ದನ್ನೆಲ್ಲ ಒಡೆದು ಓದುತ್ತಾನೆ, ಅಪ್ಪ ಅಲ್ಲಿದ್ದಾರೆಂಬ ವಾಸನೆ ಸಿಕ್ಕರೂ ಹಿಂದೆಯೇ ಬರುತ್ತಾರೆ. ಕಾಗದ ಬರದಿದ್ದರೆ ಅವರು ನಿನ್ನ ಒಲೆಯ ಹತ್ತಿರ ಕೂತಿದ್ದಾರೆ ಎಂದುಕೊಳ್ಳುತ್ತೇನೆ. ತಲುಪದಿದ್ದರೂ ಕಾಗದ ಬರುವುದಿಲ್ಲ, ಅದು ನನಗೆ ಗೊತ್ತು. ಆದರೂ ಬರೆಯಬೇಡ.